ಟೈಬೀರಿಯಸ್ ಎಂಬ ಮುತ್ತಜ್ಜ

ನಮ್ಮ ಅಕ್ಕಸಾಲಿಗರ ಸಂಘದ ಹುಡುಗರು ಕೇಳಿದ್ದು ಬೆಳ್ಳಿ ಕೆಲಸದ ಬಗ್ಗೆ. ಲಿಂಗದ ಕರಡಿಗೆಗೆ ಮುಚ್ಚಳ ಕೂರಿಸುವುದು ಹೇಗೆ, ಕಾಲುಂಗುರಕ್ಕೆ ಬೆಸುಗೆ ಕಾಣದ ಹಾಗೆ ಹಾಕುವುದು ಹೇಗೆ, ಇಂಥವು. ಹೊಸದಾಗಿ ಕೆಲಸಕ್ಕೆ ಕೂರುವವರಿಗೆ ಓದಿಸಬೇಕಂತೆ. ಅದನ್ನೆಲ್ಲ ಕೈ ಹಿಡಿದು ತೋರಿಸಬಹುದು, ಬರೆದು ತಿಳಿಸುವುದು ಕಷ್ಟ. ಆದ್ದರಿಂದ ನಾನು ಬೇರೆ ವಿಷಯ ಬರೆಯುತ್ತೇನೆ. ಚನ್ನಗಿರಿಯಲ್ಲಿ ನಮ್ಮಪ್ಪನಿಂದ ಬಂದ ಪುಟ್ಟ ಅಂಗಡಿಯಲ್ಲಿ ಕೂತು ನಾನೂ ನನ್ನ ಹೆಂಡತಿ ಕಾಳಮ್ಮನೂ ರೋಮ್ ದೇಶದ ದೊರೆಗಳ ಮುಖ ತೊಳೆದ ಕಥೆ. ನಗಬೇಡಿ, ನಿಜವಾಗಿಯೂ ತೊಳೆದಿದ್ದೇವೆ.

ಕಾಳಮ್ಮ ಈಗ ಇಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡಳು. ನಾನು ಇದನ್ನು ಬರೆಯಲು ಶುರು ಮಾಡಿದಾಗ ಮಹಾಲಯ ಅಮಾವಾಸ್ಯೆ ಹತ್ತಿರ ಬರುತ್ತಿತ್ತು, ಅವಳ ಬಿಲ್ಲೆ ಇನ್ನೂ ಆಗಿರಲಿಲ್ಲ.

ಬಿಲ್ಲೆ ಎಂದರೆ ಏನೆಂದು ಈಗಿನ ಎಷ್ಟೋ ಮಂದಿಗೆ ಗೊತ್ತಿಲ್ಲ. ನಮ್ಮ ಕಡೆ ಕೆಲವು ಮನೆತನಗಳಲ್ಲಿ, ತೀರಿಹೋದ ಹಿರಿಯರಿಗಾಗಿ ಸಣ್ಣದೊಂದು ಬೆಳ್ಳಿ ಬಿಲ್ಲೆ ಮಾಡಿಸಿ ದೇವರ ಜಗಲಿಯ ಮೇಲೆ ಇಡುತ್ತಾರೆ. ಅದರಲ್ಲಿ ಒಂದು ಮುಖ ಇರುತ್ತದೆ. ಸತ್ತವರು ಮೈಮೇಲೆ ಹಾಕಿಕೊಂಡಿದ್ದ ಬೆಳ್ಳಿಯನ್ನೇ ಕರಗಿಸಿ ಮಾಡಬೇಕು. ಹಿರಿಯರ ಹಬ್ಬದ ದಿನ ಅದರ ಮುಂದೆ ಎಡೆ ಇಡುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ತಾಲ್ಲೂಕಿನಿಂದ ಜನ ಬಿಲ್ಲೆಗೆಂದು ನಮ್ಮಲ್ಲಿಗೆ ಬರುತ್ತಿದ್ದರು. ನನ್ನ ಹತ್ತಿರ ಅಪ್ಪನ ಕಾಲದ ಎರಡು ಕಂಚಿನ ಅಚ್ಚು ಇದ್ದವು. ಒಂದು ಗಂಡಸಿನದು, ಮೀಸೆ, ಪೇಟ. ಇನ್ನೊಂದು ಹೆಂಗಸಿನದು, ಮೂಗುತಿ, ಹಣೆಯಲ್ಲಿ ಬೊಟ್ಟು. ಅಚ್ಚಿನ ಮೇಲೆ ಬೆಳ್ಳಿ ತಗಡು ಇಟ್ಟು, ಅದರ ಮೇಲೆ ಸೀಸದ ತುಂಡು ಇಟ್ಟು, ಸುತ್ತಿಗೆಯಲ್ಲಿ ಹೊಡೆದರೆ ಮುಖ ಎದ್ದು ಬರುತ್ತದೆ. ಯಾರು ಸತ್ತರೂ ಅದೇ ಮುಖ.

ಕಾಳಮ್ಮ ಅದನ್ನು ನೋಡಿ ನಗುತ್ತಿದ್ದಳು. "ಬದುಕಿದ್ದಾಗ ಒಬ್ರಂಗೆ ಒಬ್ರು ಇರಲ್ಲ. ಸತ್ತ ಮ್ಯಾಲೆ ನಿಮ್ಮ ಕೈಗೆ ಸಿಕ್ಕಿ ಎಲ್ರೂ ಒಂದೇ ಆಗ್ತಾರೆ ನೋಡ್ರಿ."

ಅವಳ ಕಾಲುಂಗುರಗಳನ್ನು ಮಗಳು ಶೋಭಾ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಿದ್ದಳು. ಅಚ್ಚು ಎದುರಿಗೇ ಇತ್ತು. ಹೊಡೆಯಲು ಕೈ ಬರಲಿಲ್ಲ. ಆ ಅಚ್ಚಿನ ಮುಖ ಅವಳದಲ್ಲ.

ರೋಮ್ ದೊರೆಗಳು ನಮ್ಮ ಅಂಗಡಿಗೆ ಬಂದದ್ದು ಒಬ್ಬ ದನದ ಡಾಕ್ಟರಿಂದ. ಹೆಸರು ಸದಾಶಿವಯ್ಯ, ಹೊನ್ನಾಳಿಯವರು. ನಾಲ್ಕೂ ತಾಲ್ಲೂಕಿನ ಕೊಟ್ಟಿಗೆಗಳನ್ನು ಸುತ್ತಿದವರು. ಅವರು ಕೊಟ್ಟಿಗೆಗೆ ಹೋದರೆ ಮೊದಲು ದನ ನೋಡುತ್ತಿದ್ದರು, ಆಮೇಲೆ ಅಂಗಳದಲ್ಲಿ ಆಡುವ ಕೂಸಿನ ಉಡಿದಾರ ನೋಡುತ್ತಿದ್ದರು. ಹಳೇ ಬೆಳ್ಳಿ ಕಾಸಿಗೆ ಕೊಂಡಿ ಹಾಕಿಸಿ ಕೂಸಿನ ಉಡಿದಾರಕ್ಕೆ ಕಟ್ಟುವ ರೂಢಿ ಇತ್ತಲ್ಲ. ಹೆಚ್ಚಾಗಿ ರಾಣಿ ವಿಕ್ಟೋರಿಯಾ, ಜಾರ್ಜ್ ದೊರೆ ಇರುತ್ತಿದ್ದರು. ಬಹಳ ಅಪರೂಪಕ್ಕೆ ಅವಕ್ಕಿಂತ ಚಿಕ್ಕದಾದ, ದಪ್ಪನಾದ, ಅಂಚು ನೆಟ್ಟಗಿಲ್ಲದ ಒಂದು ಕಾಸು ಸಿಗುತ್ತಿತ್ತು. ಎರಡು ಸಾವಿರ ವರ್ಷದ ಹಿಂದೆ ರೋಮ್‌ನಿಂದ ಹಡಗಿನಲ್ಲಿ ಬಂದು, ಮೆಣಸಿಗೋ ಬಟ್ಟೆಗೋ ಬದಲಾಗಿ, ಕೈಯಿಂದ ಕೈಗೆ ದಾಟಿ ಇಲ್ಲಿಯ ತನಕ ಬಂದದ್ದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗಲೂ ಅಂಥವು ಸಿಕ್ಕಿವೆ ಎಂದು ಡಾಕ್ಟರು ಹೇಳುತ್ತಿದ್ದರು. ಕಂಡ ಮನೆಯವರು ಒಪ್ಪಿದರೆ ಅದಕ್ಕಿಂತ ಭಾರದ ಬೆಳ್ಳಿ ಗೆಜ್ಜೆ ನಮ್ಮಲ್ಲಿ ಮಾಡಿಸಿ ಕೂಸಿಗೆ ಕೊಟ್ಟು, ಕಾಸು ತಗೊಂಡು ಬರುತ್ತಿದ್ದರು. ಒಪ್ಪದಿದ್ದರೆ ಕೈಯಲ್ಲಿ ಹಿಡಿದು ನೋಡಿ ವಾಪಸು ಕಟ್ಟುತ್ತಿದ್ದರು.

ಮೊದಲ ಕಾಸು ಕೆರೆಬಿಳಚಿಯಿಂದ ಬಂತು. "ಕೊಂಡಿ ಬಿಡ್ಸಿ, ಸ್ವಲ್ಪ ಕ್ಲೀನ್ ಮಾಡಿಡಿ ಮೌನೇಶಪ್ಪ" ಎಂದು ಕೊಟ್ಟು ಹೋದರು. ನಾವು ಅಕ್ಕಸಾಲಿಗರು. ಬೆಳ್ಳಿ ಕಪ್ಪಗೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಹಬ್ಬದ ತಟ್ಟೆಯ ಹಾಗೆ ಹೊಳೆಯಿತು. ಸಂಜೆ ಡಾಕ್ಟರು ಬಂದು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು.

"ಇವನ ಮೂಗೆಲ್ರೀ?"

"ಮೂಗು ಮೊದ್ಲೇ ಸವೆದಿತ್ತು ಸರ್."

"ಬೆಳಿಗ್ಗೆ ಇತ್ತಲ್ರೀ!"

ಕಾಳಮ್ಮ ಒಳಗಿನಿಂದ, "ಹುಣಸೆಹಣ್ಣು ತಿಂದಿರ್ಬೇಕು ಡಾಕ್ಟ್ರೇ" ಎಂದಳು.

ಅವರು ಬೈಯಲಿಲ್ಲ. ಮಣೆಯ ಮೇಲೆ ಕೂತು ನಕ್ಕರು. "ಎತ್ತಿನ ಮೈ ತೊಳೀರಿ ಅಂದ್ರೆ ಚರ್ಮ ಸುಲಿದು ಕೊಟ್ರಲ್ಲ ಮಾರಾಯ್ರೇ" ಎಂದರು. ಆ ಕಪ್ಪು ಕೊಳೆಯಲ್ಲ, ಅದು ಕಾಸಿನ ಚರ್ಮ, ಎರಡು ಸಾವಿರ ವರ್ಷ ಅದನ್ನು ಕಾಪಾಡಿದ್ದೇ ಅದು ಎಂದು ತಿಳಿಸಿ ಹೇಳಿದರು. ಬೆಳ್ಳಿಯನ್ನು ಬೆಳ್ಳಗೆ ಮಾಡದೆ ಬಿಡುವುದನ್ನು ನಾನು ಆ ದಿನದಿಂದ ಕಲಿಯಬೇಕಾಯಿತು. ನಮ್ಮ ವೃತ್ತಿಯಲ್ಲಿ ಅದಕ್ಕಿಂತ ಕಷ್ಟದ ಪಾಠ ಇಲ್ಲ.

ಆಮೇಲೆ ಆ ಕೆಲಸ ಕಾಳಮ್ಮನ ಪಾಲಿಗೆ ಹೋಯಿತು. ನನ್ನದು ಅವಸರದ ಕೈ, ಗಿರಾಕಿ ಎದುರಿಗೇ ಕೂತಿರುತ್ತಾನಲ್ಲ. ಅವಳು ಅಂಟುವಾಳದ ನೀರಿನಲ್ಲಿ ಕಾಸನ್ನು ನೆನೆಹಾಕಿ ಮರೆತುಬಿಡುತ್ತಿದ್ದಳು. ಅಡುಗೆ, ನೀರು, ಮಗಳ ತಲೆ ಬಾಚುವುದು ಎಲ್ಲ ಮುಗಿದ ಮೇಲೆ ಬಾಗಿಲ ಬೆಳಕಿಗೆ ಬಂದು ಕೂತು, ಹತ್ತಿಯ ಬತ್ತಿಯಿಂದ ಒರೆಸುತ್ತಿದ್ದಳು. ಗಟ್ಟಿ ಮಣ್ಣು ಕಚ್ಚಿಕೊಂಡಿದ್ದರೆ ಜಾಲಿ ಮುಳ್ಳು. ಲೋಹದ ಸೂಜಿ ಮುಟ್ಟಿಸುವ ಹಾಗಿಲ್ಲ. ಇದನ್ನು ಓದುವ ಹುಡುಗರಿಗೆ ಹೇಳುತ್ತೇನೆ: ಹಳೇ ಕಾಸು ಯಾರಾದರೂ ತಂದರೆ ಈಗಿನ ಪಾಲಿಶ್ ಪುಡಿ ಹಚ್ಚಲೇಬೇಡಿ. ಏನೂ ಮಾಡದೆ ಕೊಟ್ಟರೂ ಪರವಾಗಿಲ್ಲ.

ಮಣ್ಣು ಹೋಗಿ ಮುಖ ಕಂಡ ಮೇಲೆ ಅದು ಯಾರದೆಂದು ತಿಳಿಯುವ ಆಸೆ ಅವಳಿಗೆ. ಡಾಕ್ಟರ ಹತ್ತಿರ ಚಿತ್ರದ ಪುಸ್ತಕ ಇತ್ತು. ಸಂಜೆ ಚಹಾದ ಹೊತ್ತಿಗೆ ಅದನ್ನು ತೆರೆದು ಒಬ್ಬೊಬ್ಬರ ಕಥೆ ಹೇಳುತ್ತಿದ್ದರು. ನಮ್ಮ ಕಡೆ ಹೆಚ್ಚು ಸಿಗುವವರು ಇಬ್ಬರು, ಅಗಸ್ಟಸ್ ಮತ್ತು ಅವನ ನಂತರ ಪಟ್ಟಕ್ಕೆ ಬಂದ ಟೈಬೀರಿಯಸ್. ಅಗಸ್ಟಸ್ ಎಪ್ಪತ್ತು ದಾಟಿ ಬದುಕಿದವನು, ಆದರೂ ಕಾಸಿನ ಮೇಲೆ ಕೊನೆಯ ತನಕ ಹುಡುಗನೇ.

"ಎಲೆಕ್ಷನ್ ಪೋಸ್ಟರ್ ಇದ್ದಂಗೆ ಐತಲ್ರೀ" ಎಂದಳು ಕಾಳಮ್ಮ. "ಮೊಮ್ಮಕ್ಳನ್ನ ಕಂಡ್ರೂ ಕಾಲೇಜಿನ ಫೋಟೋನೇ ಹಾಕ್ಸಾದು."

ನೀರೋ ದೊರೆಯ ಚಿತ್ರಗಳನ್ನು ಸಾಲಾಗಿ ತೋರಿಸಿದರು. ಮೊದಲನೆಯದರಲ್ಲಿ ಎಳೆ ಹುಡುಗ, ಕೊನೆಯದರಲ್ಲಿ ಕತ್ತು ಎಲ್ಲಿ ಮುಗಿದು ಗದ್ದ ಎಲ್ಲಿ ಶುರುವಾಯಿತು ಎಂದೇ ಗೊತ್ತಾಗದು.

"ಪಾಪ, ಇವನ್ಗೆ ಊಟ ಸಾಕು ಅನ್ನೋರೇ ಇರ್ಲಿಲ್ಲೇನು?"

"ಅನ್ನೋ ಧೈರ್ಯ ಯಾರಿಗಿತ್ತು ತಾಯಿ?" ಎಂದರು ಡಾಕ್ಟರು.

ಅವಳಿಗೆ ಎಲ್ಲರಿಗಿಂತ ಇಷ್ಟವಾದವನು ವೆಸ್ಪೇಸಿಯನ್. ಅದು ನಮ್ಮ ಕಡೆಯದಲ್ಲ, ಡಾಕ್ಟರು ಬೆಂಗಳೂರಿನ ನಾಣ್ಯ ಪ್ರದರ್ಶನದಲ್ಲಿ ಕೊಂಡದ್ದು. ಬೋಳು ತಲೆ, ಒಳಗೆ ಸೇದಿಕೊಂಡ ತುಟಿ, ಕತ್ತಿನಲ್ಲಿ ಸುಕ್ಕು. ಅಚ್ಚು ಕೆತ್ತಿದವನು ಒಂದು ಸುಕ್ಕನ್ನೂ ಬಿಟ್ಟಿಲ್ಲ, ದೊರೆಯೂ ಬಿಡು ಎಂದು ಹೇಳಿಲ್ಲ. ಕಾಳಮ್ಮ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, "ಇವನು ಸಂತೇಲಿ ಕುರಿ ಮಾರಾಕೆ ಕುಂತೋನು ಇದ್ದಂಗೆ ಅವ್ನೆ. ಮುಖ ಅಂದ್ರೆ ಹಿಂಗಿರ್ಬೇಕು. ಇವನ ಮನೆಯೋರು ಕತ್ಲಾಗೆ ಬೆರಳಾಡಿಸಿದ್ರೂ ನಮ್ಮೋನೇ ಅಂತಿದ್ರು" ಎಂದಳು. ನಾನು ಮಾತ್ರ ಆ ಕೆತ್ತಿದವನ ಬಗ್ಗೆ ಯೋಚಿಸುತ್ತಿದ್ದೆ. ಬೆರಳಿನ ಉಗುರಿನಷ್ಟು ಜಾಗ. ಅದರಲ್ಲಿ ಒಬ್ಬ ಮನುಷ್ಯನ ಸ್ವಭಾವ ಕೂರಿಸಿದ್ದಾನೆ. ಅವನೂ ನನ್ನ ಹಾಗೆ ಮಣೆ ಹಾಕಿಕೊಂಡು ಕೂತವನೇ ಇರಬೇಕು, ಬೆನ್ನು ನೋಯುತ್ತಿತ್ತೇನೋ.

ನಕಲಿಯ ವಿಷಯವೂ ಹೇಳಬೇಕು. ದಾವಣಗೆರೆಯಲ್ಲಿ ಒಬ್ಬ ವ್ಯಾಪಾರಿ ನನಗೆ ಎರಡು ಟೈಬೀರಿಯಸ್ ಮಾರಿದ. ಕಪ್ಪು ಸರಿಯಾಗಿತ್ತು, ತೂಕ ಸರಿಯಾಗಿತ್ತು. ಹಳೇ ಕಾಲದ ಸಾಹುಕಾರರು ಬೆಳ್ಳಿ ಪರೀಕ್ಷೆಗೆಂದು ಅಂಚಿಗೆ ಹೊಡೆದ ಉಳಿಯ ಗುರುತೂ ಇತ್ತು. ಹೆಮ್ಮೆಯಿಂದ ಡಾಕ್ಟರಿಗೆ ಕೊಟ್ಟೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು, "ಮೌನೇಶಪ್ಪ, ಅಣ್ತಮ್ಮ ಇಬ್ರೂ ಬಿದ್ರು ಅಂತ ಇಟ್ಕಳ್ಳಿ. ಇಬ್ರಿಗೂ ಒಂದೇ ಜಾಗದಾಗೆ, ಒಂದೇ ಅಳತೆ ಗಾಯ ಆಗತ್ತೇನ್ರೀ?" ಎಂದರು. ಒಂದು ನಿಜವಾದ ಕಾಸಿನಿಂದ ಎರಕದ ಅಚ್ಚು ತೆಗೆದು ಎರಡು ಹೊಯ್ದಿದ್ದರು, ಗಾಯದ ಸಮೇತ. ನಿಜವಾದ ಕಾಸುಗಳಲ್ಲಿ ಒಂದಕ್ಕೊಂದು ತದ್ರೂಪು ಇರುವುದು ತೀರ ಅಪರೂಪ. ಒಂದೇ ಅಚ್ಚಿನಿಂದ ಬಂದರೂ ಪೆಟ್ಟು ಬಿದ್ದ ರೀತಿ ಬೇರೆ ಇರುತ್ತದೆ, ಆಮೇಲೆ ಸವೆದ ರೀತಿಯಂತೂ ಬೇರೆಯೇ. ಇದನ್ನು ನೆನಪಿಡಿ.

ಇನ್ನೊಂದು ಸಲ ನ್ಯಾಮತಿ ಕಡೆಯ ಜೆಸಿಬಿ ಡ್ರೈವರೊಬ್ಬ ಒಂದು ಕಾಸು ತಂದ. ಅಂಚಿನಲ್ಲಿ ಹಸಿ ಮಣ್ಣು ಇತ್ತು. ಡಾಕ್ಟರು ಅಂಗಡಿಯಲ್ಲೇ ಇದ್ದರು. ನೋಡಿದ ಕೂಡಲೆ ಅವರ ಮುಖ ಅರಳಿತು. ಅದು ಕ್ಲಾಡಿಯಸ್, ಅವರ ಹತ್ತಿರ ಇಲ್ಲದ ದೊರೆ. ಆಮೇಲೆ ಮಣ್ಣು ಕಂಡಿತು.

"ನೆಲದಿಂದ ಎದ್ದದ್ದು ನಂದೂ ಅಲ್ಲ, ನಿಂದೂ ಅಲ್ಲಪ್ಪ. ಸರ್ಕಾರದ್ದು. ತಹಸೀಲ್ದಾರ್ ಆಫೀಸಿಗೆ ಕೊಡ್ಬೇಕು."

"ಅಲ್ಲಿಗೆ ಹೋದ್ರೆ ನನ್ನೇ ಕಳ್ಳ ಅಂತಾರೆ ಸಾರ್."

"ಅದಕ್ಕೇ ನಾನೂ ಬರ್ತೀನಿ, ಹತ್ತು ಸ್ಕೂಟರ್."

ಹೋಗುವ ಮುನ್ನ ಕಾಸನ್ನು ಕಾಳಮ್ಮನಿಗೆ ತೋರಿಸಿ, "ಒಂದ್ಸಲ ನೋಡ್ಬಿಡಿ, ಮತ್ತೆ ಸಿಗಲ್ಲ" ಎಂದರು. ತಾವೂ ನೋಡಿದರು. ಅಷ್ಟೇ.

ಒಮ್ಮೆ ಬಂದ ಅಗಸ್ಟಸ್ ಕಾಸಿನ ಹಿಂಬದಿಯಲ್ಲಿ ಇಬ್ಬರು ನಿಂತಿದ್ದರು. ನಡುವೆ ಗುರಾಣಿ, ಈಟಿ. ಕೊಟ್ಟ ಮನೆಯವರು ಅದನ್ನು ವೀರಗಲ್ಲಿನ ಅಣ್ಣತಮ್ಮಂದಿರು ಎಂದುಕೊಂಡಿದ್ದರು. ಡಾಕ್ಟರು ಹೇಳಿದರು: ಇವರು ಅಗಸ್ಟಸ್‌ನ ಮಗಳ ಮಕ್ಕಳು. ಗಂಡುಮಕ್ಕಳಿಲ್ಲದ ಆತ ಇವರನ್ನೇ ದತ್ತು ತಗೊಂಡು, ಮುಂದೆ ಇವರೇ ದೊರೆಗಳೆಂದು ಊರಿಗೆಲ್ಲ ತಿಳಿಯಲಿ ಅಂತ ಕಾಸಿನ ಮೇಲೆ ಹಾಕಿಸಿದ. ಇಬ್ಬರೂ ಚಿಕ್ಕ ವಯಸ್ಸಿನಲ್ಲೇ, ಒಬ್ಬನ ಹಿಂದೆ ಒಬ್ಬ, ದೂರದ ಊರುಗಳಲ್ಲಿ ತೀರಿಕೊಂಡರು.

ಕಾಳಮ್ಮ ಚಹಾದ ಲೋಟ ಕೆಳಗಿಟ್ಟಳು. "ಅವ್ರು ಸತ್ತ ಮ್ಯಾಲೂ ಈ ಕಾಸು ಹೊಡೆಸ್ತಿದ್ನಾ?"

"ಹೊಡೆಸ್ತಿದ್ದ ಅಂತ ಕೆಲವ್ರು ಅಂತಾರೆ. ಖಾತ್ರಿ ಇಲ್ಲಮ್ಮ."

"ಹೊಡೆಸಿರ್ತಾನೆ ಬಿಡ್ರಿ. ಅಚ್ಚು ಒಡೆಯಾಕೆ ಕೈ ಬಂದಿರಲ್ಲ" ಎಂದಳು.

ಡಾಕ್ಟರು ಪುಸ್ತಕ ಮುಚ್ಚಿದರು. ಆ ಸಂಜೆ ಮತ್ತೆ ಯಾವ ದೊರೆಯ ಕಥೆಯೂ ಆಗಲಿಲ್ಲ.

ಈಗ ಜಗಳೂರಿನ ವಿಷಯ. ನನ್ನ ಕೆಲಸದ ದಿನಗಳ ಬಗ್ಗೆ ಇದೊಂದನ್ನು ಮಾತ್ರ ಬರೆದಿದ್ದರೂ ಸಾಕಾಗಿತ್ತು.

ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಾಲಮ್ಮ ಎಂಬ ಅಜ್ಜಿ ಇದ್ದಳು. ಅವಳ ಎಮ್ಮೆಗೆ ಔಷಧಿ ಕೊಡಲು ಹೋದ ಡಾಕ್ಟರಿಗೆ ಜಗಲಿಯ ಮೇಲೆ, ಬಿಲ್ಲೆಗಳ ನಡುವೆ, ಒಂದು ಕಾಸು ಕಂಡಿತ್ತು. ಅದರ ಕೊಂಡಿ ಮುರಿದಿತ್ತು. ಮಹಾಲಯ ಅಮಾವಾಸ್ಯೆಯ ಒಳಗೆ ಸರಿಮಾಡಿಸಬೇಕು, ಆದರೆ ಹಿರಿಯರನ್ನು ಹೊಸ್ತಿಲು ದಾಟಿಸುವ ಹಾಗಿಲ್ಲ. ಅಕ್ಕಸಾಲಿಗನೇ ಅಲ್ಲಿಗೆ ಹೋಗಬೇಕು. ಡಾಕ್ಟರು ನನ್ನನ್ನು ಹೊರಡಿಸಿ ತಾವೂ ಜೊತೆಗೆ ಬಂದರು. ಬಸ್ಸಿನ ಪ್ರಯಾಣ ಎಂದರೆ ಕಾಳಮ್ಮನಿಗೆ ಪ್ರಾಣ, ಅವಳೂ ಬುತ್ತಿ ಕಟ್ಟಿಕೊಂಡು ಬಂದಳು.

ಕಾಸು ಟೈಬೀರಿಯಸ್‌ನದು. ಅಷ್ಟು ಚೆನ್ನಾಗಿ ಉಳಿದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ತಲೆಗೆ ಎಲೆಯ ಕಿರೀಟ, ಬಿಗಿದ ಬಾಯಿ. ಹಿಂಬದಿಯಲ್ಲಿ ಕುರ್ಚಿಯ ಮೇಲೆ ಕೂತ ಒಬ್ಬ ಹೆಂಗಸು, ಕೈಯಲ್ಲೊಂದು ರೆಂಬೆ.

"ಇವ್ನು ನಮ್ ಮುತ್ತಜ್ಜ" ಎಂದಳು ಪಾಲಜ್ಜಿ. "ಹಿಂದಿರಾಕಿ ಮುತ್ತಜ್ಜಿ. ಕೈಯಾಗೆ ಬೇವಿನ ಸೊಪ್ಪು ಹಿಡಿದಾಳೆ ನೋಡ್ರಿ. ಆ ಕಾಲಕ್ಕೇ ಕುರ್ಚಿ ಮ್ಯಾಲೆ ಕುಂತ ಹೆಂಗ್ಸು ನಮ್ಮನ್ಯಾಕಿ! ಒಂದ್ವರ್ಷ ಅಜ್ಜನ್ನ ಮ್ಯಾಲೆ ಮಾಡ್ತೀವಿ, ಒಂದ್ವರ್ಷ ಅಜ್ಜಿನ್ನ. ಇಬ್ರಿಗೂ ಬ್ಯಾಸರ ಆಗಬಾರ್ದು."

ನಮ್ಮ ಕಡೆಯ ಬಿಲ್ಲೆಗಳಲ್ಲಿ ಮುಖ ನೇರವಾಗಿ ಇರುತ್ತದೆ, ಹಿರಿಯರ ಎರಡು ಕಣ್ಣೂ ಎಡೆಯನ್ನು ನೋಡಬೇಕು ಎಂದು. ಕಾಸಿನ ದೊರೆ ಪಕ್ಕಕ್ಕೆ ತಿರುಗಿರುತ್ತಾನೆ. ಅದಕ್ಕೆ ಆ ಮನೆಯಲ್ಲಿ ಎಲ್ಲರ ಎಡೆಯೂ ಜಗಲಿಯ ಮುಂದೆ, ಮುತ್ತಜ್ಜನ ಎಡೆ ಮಾತ್ರ ಪಕ್ಕದಲ್ಲಿ. "ಅವ್ನು ಆ ಕಡೆ ನೋಡ್ತಾನೆ. ಮುಂದಿಟ್ರೆ ಕಾಣಂಗಿಲ್ಲ" ಎಂದಳು ಅಜ್ಜಿ. ಎಷ್ಟೋ ತಲೆಮಾರಿನಿಂದ ಆ ಮೂಲೆಯಲ್ಲೇ ಎಲೆ ಹಾಕಿ, ಅಲ್ಲಿಯ ಗೋಡೆಗೆ ಸಾರಿನ ಕಲೆ ಕೂತಿತ್ತು.

ಡಾಕ್ಟರಿಗೆ ತಡೆಯಲಾಗಲಿಲ್ಲ. "ಅಜ್ಜಿ, ಇದನ್ನ ನಂಗೆ ಕೊಡ್ತೀರಾ? ಇದಕ್ಕೆ ಬದ್ಲಿ ಏನ್ ಕೇಳಿದ್ರೂ ಮಾಡಿಸಿ ಕೊಡ್ತೀನಿ."

"ನಿಮ್ಮ ಮುತ್ತಜ್ಜನ್ನ ನೀವು ಕೊಡ್ತೀರಾ ಸ್ವಾಮಿ?"

ಕಾಳಮ್ಮ ಸೆರಗು ಬಾಯಿಗೆ ಹಿಡಿದಳು. ಡಾಕ್ಟರು, ಪಾಲಜ್ಜಿಗೆ ತಿಳಿದಿರಲಿ ಎಂದೋ, ಆಸೆ ಇನ್ನೂ ಬಿಟ್ಟಿರಲಿಲ್ಲವೋ, ನಿಜ ಹೇಳಿಬಿಟ್ಟರು. ಇವನು ಸಮುದ್ರದಾಚೆಯ ಒಬ್ಬ ದೊರೆ, ಹೆಸರು ಟೈಬೀರಿಯಸ್. ಈ ಊರಿಗೆ ಬಂದವನೇ ಅಲ್ಲ. ಹಿಂದಿರುವ ಹೆಂಗಸು ಶಾಂತಿಯ ದೇವತೆ ಇರಬಹುದು, ಅಥವಾ ಅವನ ತಾಯಿ ಇರಬಹುದು, ಹೆಂಡತಿಯಂತೂ ಅಲ್ಲ.

ಅಜ್ಜಿ ಕಾಸನ್ನು ತಿರುಗಿಸಿ ತಿರುಗಿಸಿ ನೋಡಿದಳು. ಡಾಕ್ಟರ ಮುಖದಲ್ಲಿ ಆಗಲೇ ಪಶ್ಚಾತ್ತಾಪ ಕಾಣುತ್ತಿತ್ತು. ಅವಳು ಮರ್ಯಾದೆ ಹೋಯಿತೆಂದು ಹೆದರಿದ್ದಲ್ಲ. ಇಷ್ಟು ವರ್ಷ ಇಟ್ಟ ಎಡೆ ಯಾರಿಗೆ ಹೋಯಿತು, ನಮ್ಮ ಅಜ್ಜ ಹಸಿದುಕೊಂಡೇ ಹೋದನೇ ಎನ್ನುವುದು ಅವಳ ಭಯ. ಅದನ್ನೇ ಕೇಳಿದಳು.

ಕಾಳಮ್ಮ ಹೋಗಿ ಅವಳ ಪಕ್ಕ ಕೂತಳು. ಕೈ ಹಿಡಿದುಕೊಂಡಳು. ಪಾಲಜ್ಜಿಯೇ ಮತ್ತೆ ಕೇಳಿದಳು: "ಸ್ವಾಮಿ, ಅವ್ರ ಊರಾಗೆ ಈ ದೊರೆಗೆ ಈಗ ಎಡೆ ಇಡೋರು ಯಾರನ್ನ ಅದಾರಾ?"

"ಯಾರೂ ಇಲ್ಲ ಅಜ್ಜಿ. ಆ ವಂಶ, ಆ ರಾಜ್ಯ ಎಲ್ಲಾ ಯಾವತ್ತೋ ಮುಗೀತು."

"ಯಾರೂ ಇಲ್ವಾ?"

"ಇಲ್ಲ."

ಅಜ್ಜಿ ಕಾಸನ್ನು ಸೆರಗಿನಿಂದ ಒರೆಸಿದಳು. "ಹಂಗಾದ್ರೆ ನಾವೇ ಇಡ್ತೀವಿ ಬಿಡ್ರಿ. ನಮ್ಮಜ್ಜನೂ ಅಂಥಾ ಹಟದೋನಲ್ಲ. ಪಕ್ಕದಾಗೆ ಕುಂತು ಇಬ್ರೂ ಉಣ್ಲಿ." ಆಮೇಲೆ ನನ್ನ ಕಡೆ ತಿರುಗಿ, "ಏನ್ ನೋಡ್ತಾ ಕುಂತೀರಿ ಆಚಾರ್ರೇ, ಕೊಂಡಿ ಹಾಕ್ರಿ" ಎಂದಳು.

ಬೆಸುಗೆ ಹಾಕಲು ಊದುಗೊಳವೆ ತೆಗೆದೆ. ಡಾಕ್ಟರು ಕೈ ತಡೆದರು. ಬೆಂಕಿ ತಾಗಿದರೆ ಕಾಸು ಕೆಡುತ್ತದೆ. ಕೊನೆಗೆ ತೆಳು ಬೆಳ್ಳಿ ಪಟ್ಟಿಯಿಂದ ಸುತ್ತ ಬಳೆಯ ಹಾಗೆ ಕಚ್ಚುವ ಒಂದು ಹಿಡಿ ಮಾಡಿ, ಕಾಸಿಗೆ ಬೆಸುಗೆ ಮುಟ್ಟದ ಹಾಗೆ ಕೂರಿಸಿ, ಕೊಂಡಿಯನ್ನು ಹಿಡಿಗೆ ಹಾಕಿದೆ. ಆಮೇಲೆ ಯಾವ ಹಳೇ ಕಾಸಿಗೂ ನಾನು ನೇರ ಬೆಸುಗೆ ಹಾಕಲಿಲ್ಲ. ನೀವೂ ಹಾಗೇ ಮಾಡಿ.

ವಾಪಸು ಬರುವಾಗ ಬಸ್ಸಿನಲ್ಲಿ ಡಾಕ್ಟರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. "ಹೇಳಬಾರದಿತ್ತು ಅಲ್ವಾ ಕಾಳಮ್ಮ?" ಎಂದರು.

"ಹೇಳಿದ್ದು ತಪ್ಪಲ್ಲ ಡಾಕ್ಟ್ರೇ. ಕೇಳಿ ಆಮೇಲೆ ಹೇಳಬೇಕಿತ್ತು. ಅದು ನಿಮ್ದಲ್ಲ ಅನ್ನೋಕೆ ಮುಂಚೆ ಎಷ್ಟು ನಿಮ್ದಾಗೈತೆ ಅಂತ ಕೇಳಬೇಕಿತ್ತು." ಬುತ್ತಿ ಬಿಚ್ಚಿ ಅವರ ಕೈಗೊಂದು ರೊಟ್ಟಿ ಕೊಟ್ಟಳು. ಅಲ್ಲಿಂದ ಮುಂದೆ ಡಾಕ್ಟರು ದೇವರ ಜಗಲಿಯ ಮೇಲಿನ ಯಾವ ಕಾಸನ್ನೂ ಕೇಳಲಿಲ್ಲ.

ಅವರು ವಯಸ್ಸಾದ ಮೇಲೆ ಕೂಡಿಸಿದ್ದನ್ನೆಲ್ಲ ಸರ್ಕಾರದ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರು. ಕೊಡುವ ಮುನ್ನ ಕಾಳಮ್ಮ ಎಲ್ಲರ ಮುಖವನ್ನೂ ಇನ್ನೊಮ್ಮೆ ಒಣ ಹತ್ತಿಯಿಂದ ಒರೆಸಿದಳು, ಮದುವೆಗೆ ಹೊರಟ ಮಕ್ಕಳಿಗೆ ಒರೆಸುವ ಹಾಗೆ. ಡಾಕ್ಟರು ತೀರಿಕೊಂಡು ಕೆಲವು ವರ್ಷವಾಯಿತು. ನನ್ನ ಕಣ್ಣೂ ಮಂಜಾಯಿತು, ಅಂಗಡಿಯ ಬಾಗಿಲು ಹಾಕಿದೆ. ಬಿಲ್ಲೆಗೆ ಮಾತ್ರ ಯಾರಾದರೂ ಬಂದರೆ ಮನೆಯಲ್ಲೇ ಹೊಡೆದು ಕೊಡುತ್ತಿದ್ದೆ.

ಕಾಳಮ್ಮನ ಬಿಲ್ಲೆಗೆ ಹೊಸ ಅಚ್ಚನ್ನೇ ಕೆತ್ತುವುದೆಂದು ತೀರ್ಮಾನಿಸಿದೆ. ಮೊದಲು ಕಾಸಿನ ರೀತಿಯಲ್ಲಿ ಪಕ್ಕದ ಮುಖ ಪ್ರಯತ್ನಿಸಿದೆ. ಅಷ್ಟು ವರ್ಷ ನೋಡಿದ ಮುಖಗಳು ಅವೇ ತಾನೆ. ಅಚ್ಚಿಗೆ ಜೇನುಮೇಣ ಒತ್ತಿ ತೆಗೆದು ಶೋಭಾಗೆ ತೋರಿಸಿದೆ.

"ಅಪ್ಪಾ, ಅವ್ವ ನಿಮ್ಮ ಮ್ಯಾಲೆ ಮುನಿಸ್ಕಂಡು ಆ ಕಡೆ ತಿರುಗಿದಂಗೆ ಐತಲ್ಲ."

ನಿಜವಾಗಿಯೂ ಹಾಗೇ ಇತ್ತು. ಬಿಟ್ಟೆ. ನೇರ ಮುಖಕ್ಕೆ ಕೂತೆ. ಅಚ್ಚಿನ ಕೆಲಸದಲ್ಲಿ ಎಲ್ಲವೂ ತಿರುಗುಮುರುಗು. ಮೂಗು ಎತ್ತರ ಬರಬೇಕಾದರೆ ಅಲ್ಲಿ ಗುಂಡಿ ತೋಡಬೇಕು. ಎಡಗಡೆ ಬರಬೇಕಾದದ್ದನ್ನು ಬಲಗಡೆ ಕೆತ್ತಬೇಕು. ಕಣ್ಣು ಕೆತ್ತಿದರೆ ಯಾರದೋ ಕಣ್ಣು, ಮೂಗು ಕೆತ್ತಿದರೆ ಯಾರದೋ ಮೂಗು. ಫೋಟೋ ಎದುರಿಗಿಟ್ಟುಕೊಂಡೆ, ಅದರಲ್ಲಿ ಅವಳು ಫೋಟೋಗೆಂದು ಕೂತಿದ್ದಾಳೆ, ಅವಳ ಹಾಗಿಲ್ಲ. ಮೇಣ ಒತ್ತುವುದು, ನೋಡುವುದು, ಉಂಡೆ ಮಾಡಿ ಇಟ್ಟು ಬೇರೆ ಕಂಚಿನ ತುಂಡು ತಗೊಳ್ಳುವುದು. ಅಮಾವಾಸ್ಯೆ ಹತ್ತಿರವಾದ ಹಾಗೆ ಶೋಭಾ ಕೇಳುವುದನ್ನೂ ಬಿಟ್ಟಳು. ಆಗದಿದ್ದರೆ ಹಳೇ ಅಚ್ಚಿನಲ್ಲೇ ಹೊಡೆಯಬೇಕಾಗುತ್ತಿತ್ತು. ಎಡೆಯ ದಿನ ಅವಳ ಮುಂದೆ ಕೂತು, ಇವಳು ಯಾರು ಎಂದು ನಾನೇ ಕೇಳುವ ಹಾಗಾಗುತ್ತಿತ್ತು.

ನಗು ತಡೆದುಕೊಂಡಾಗ ಅವಳ ಕೆಳತುಟಿ ಎಡಕ್ಕೆ ಸ್ವಲ್ಪ ಎಳೆಯುತ್ತಿತ್ತು. ಅದೊಂದು ಬಂದರೆ ಸಾಕು ಎನ್ನಿಸಿತು. ಕಣ್ಣು ಮೂಗು ಹೇಗಿದ್ದವೋ ಹಾಗೇ ಬಿಟ್ಟು ತುಟಿಯನ್ನೇ ಕೆತ್ತಿದೆ. ಕೈಗೆ ಅಷ್ಟು ಆಸೆ ಬಂದಿತ್ತೋ ಏನೋ, ಅಚ್ಚು ತಿರುಗುಮುರುಗು ಎಂಬುದೇ ಮರೆತುಹೋಯಿತು. ಕೆಲಸಕ್ಕೆ ಕೂತ ಮೊದಲ ತಿಂಗಳ ಹುಡುಗ ಮಾಡುವ ತಪ್ಪು. ಮೇಣ ತೆಗೆದಾಗ ತುಟಿ ಬಲಕ್ಕೆ ಎಳೆದಿತ್ತು. ಕಂಚಿನಲ್ಲಿ ತೋಡಿದ್ದನ್ನು ತುಂಬಲಾಗುವುದಿಲ್ಲ, ಹೊಸದು ಕೆತ್ತಲು ದಿನವೂ ಉಳಿದಿರಲಿಲ್ಲ. ಅಚ್ಚನ್ನು ಪಕ್ಕಕ್ಕೆ ಸರಿಸಿದೆ.

ಶೋಭಾ ಬಂದು ಮೇಣದ ಬಿಲ್ಲೆ ಕೈಗೆತ್ತಿಕೊಂಡಳು. ಬಾಗಿಲ ಬೆಳಕಿಗೆ ಹಿಡಿದಳು.

"ಹಾಳಾಯ್ತು ಕಣಮ್ಮ. ತುಟಿ ಆ ಕಡೆ ಹೋಗೈತೆ."

"ಇಲ್ಲಪ್ಪ. ಅವ್ವ ಕನ್ನಡಿ ಮುಂದೆ ಕುಂತು ನನ್ ತಲೆ ಬಾಚ್ತಿರ್ಲಿಲ್ವಾ? ನಾ ಮುಂದೆ, ಅವ್ವ ಹಿಂದೆ. ನಾನು ಅವ್ವನ ಮುಖ ನೋಡ್ತಿದ್ದಿದ್ದು ಕನ್ನಡಿ ಒಳಗೇ. ಅಲ್ಲಿ ಹಿಂಗೇ ಕಾಣ್ತಿದ್ಲು." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿಮಗೆ ಕಂಡಂಗೆ ಇಲ್ಲದಿರಬಹುದು. ನಂಗೆ ಕಂಡಂಗೆ ಐತೆ. ಅವ್ವಂಗೂ ತನ್ನ ಮುಖ ಹಿಂಗೇ ಕಂಡಿರ್ತದೆ."

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕಾಲುಂಗುರ ಮೂಸೆಯಲ್ಲಿ ಹಾಕಿದೆ. ಕರಗಿದ ಮೇಲೆ ಬಡಿದು ತಗಡು ಮಾಡಿದೆ. ಶೋಭಾ ಸೀಸದ ತುಂಡು ಹಿಡಿದಳು, ನಾನು ಹೊಡೆದೆ.

ಅದೇ ಮಧ್ಯಾಹ್ನ ನ್ಯಾಮತಿಯಿಂದ ಒಬ್ಬರು ಬಂದರು. ಅಡಿಕೆ ವ್ಯಾಪಾರದವರು, ನಡುವಯಸ್ಸು. ತಾಯಿಯ ಬಿಲ್ಲೆ ಆಗಬೇಕಿತ್ತು. ತಾಯಿಯ ಕಡಗ ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ನಾನು ಹಳೇ ಅಚ್ಚು ತೆಗೆಯುವಷ್ಟರಲ್ಲಿ ಅವರ ಕಣ್ಣು ಹೊಸ ಬಿಲ್ಲೆಯ ಮೇಲೆ ಬಿತ್ತು.

"ಇದು ಯಾವ ಅಚ್ಚು ಯಜಮಾನ್ರೇ? ಇದ್ರಾಗೇ ಹೊಡೀರಿ."

"ಅದು ಬ್ಯಾಡ ಸಾವ್ಕಾರ್ರೇ. ಅದು ನನ್ನ ಹೆಂಡ್ತಿ ಮುಖ. ಅವಳಿಗಂತಲೇ ಕೆತ್ತಿದ್ದು."

ಅವರು ಕೈ ಹಿಂದಕ್ಕೆ ತಗೊಂಡರು. ಹಳೇ ಅಚ್ಚನ್ನು ನೋಡಿದರು, ಮತ್ತೆ ಹೊಸ ಬಿಲ್ಲೆಯನ್ನು ನೋಡಿದರು.

"ನಮ್ಮವ್ವ ಹಿಂಗಿರ್ಲಿಲ್ಲ. ಮೂಗು ಬ್ಯಾರೆ, ಗದ್ದ ಬ್ಯಾರೆ" ಎಂದರು. "ಆದ್ರೆ ನಾನು ತಪ್ಪು ಮಾಡಿ ಮನೆಗೆ ಹೋದ್ರೆ, ಬೈತಾ ಬೈತಾ ಹಿಂಗೇ ನಗು ತಡ್ಕಣೋಳು. ನಿಮ್ಮ ಮನೆಯೋರು ಒಪ್ತಾರೆ ಅನ್ನಂಗಿದ್ರೆ ಹೊಡೀರಿ. ಇಲ್ಲಾಂದ್ರೆ ಬ್ಯಾಡ."

ನಾನು ಶೋಭಾಳ ಮುಖ ನೋಡಿದೆ. ಅವಳು ಎದ್ದು ಬಂದು ಸೀಸದ ತುಂಡು ಕೈಗೆ ತಗೊಂಡಳು.

ಹಳೇ ಅಚ್ಚುಗಳನ್ನು ಸಂಘದ ಹುಡುಗರಿಗೆ ಕೊಟ್ಟಿದ್ದೇನೆ. ಹೊಸದು ನನ್ನ ಹತ್ತಿರ ಇದೆ, ನನ್ನ ನಂತರ ಅದೂ ನಿಮಗೇ. ಯಾರಾದರೂ ಅದನ್ನೇ ಕೇಳಿದರೆ ಅದು ಯಾರ ಮುಖ ಎಂದು ಮೊದಲು ಹೇಳಿ, ಆಮೇಲೆ ಹೊಡೆಯಿರಿ.

ಅಮಾವಾಸ್ಯೆಯ ದಿನ ಕಾಳಮ್ಮನ ಮುಂದೆ ಎಡೆ ಇಟ್ಟೆವು. ನ್ಯಾಮತಿಯಲ್ಲೂ ಅದೇ ಮುಖದ ಮುಂದೆ ಇಟ್ಟಿರುತ್ತಾರೆ. ಅಲ್ಲಿ ಏನು ಅಡುಗೆ ಮಾಡಿದ್ದರೋ ಗೊತ್ತಿಲ್ಲ. ಬೇರೆಯವರ ಮನೆಯ ಸಾರು ಎಂದರೆ ಅವಳಿಗೆ ಮೊದಲಿನಿಂದಲೂ ಆಸೆ.